ಮುನೇಶ್ವರನ ಕೆಳಗಿನ ಮೂಲೆ

ನಂಬದಿದ್ದರೆ ಬಿಡಿ. ನಗೋದು ಮಾತ್ರ ಬೇಡ... ಇದು ನಮ್ಮ ದೊಡ್ಡಮ್ಮ ಅಶ್ವತ್ಥಮ್ಮನಿಗೆ ಆದದ್ದು. ಜೊತೆಗಿದ್ದವನು ಮುನೇಶ. ದೊಡ್ಡಮ್ಮನ ಮಗ ಸಿದ್ಧಾರ್ಥನ ಜೊತೆ ಕೆಲಸ ಮಾಡುತ್ತಿದ್ದವನು. ಸುಳ್ಳು ಹೇಳೋ ಪೈಕಿ ಅಲ್ಲ.

ದೊಡ್ಡಮ್ಮ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕೆಲಸ ಮುಗಿಸಿ, ಕತ್ತಲಾದ ಮೇಲೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂದು ಹೊಂಗೆ ಮರ. ಅದರ ಪಕ್ಕದಲ್ಲೇ ಛತ್ರ ಕಟ್ಟೋಕೆ ಅಂತ ತೋಡಿದ ಆಳವಾದ ಹಳ್ಳ. ಸಿದ್ಧಾರ್ಥ ಸತ್ತದ್ದು ಅದರಲ್ಲೇ.

ಅವನ ಕೆಲಸ, ಹಳ್ಳದ ಗೋಡೆ ಕುಸಿಯದ ಹಾಗೆ ನೋಡಿಕೊಳ್ಳೋದು. ಒಂದಾಳುದ್ದ ಅಗೆದು, ಮಣ್ಣಿನೊಳಕ್ಕೆ ಉದ್ದುದ್ದ ಕಬ್ಬಿಣದ ಸರಳು ಹೊಡೆದು, ಸಿಮೆಂಟ್ ಹಾಲು ತುಂಬಿ, ಆಮೇಲೆ ಇನ್ನೊಂದಾಳು ಕೆಳಕ್ಕೆ. ಭೂಮಿ ನಡುಗಿದರೂ ಅಂಥ ಗೋಡೆ ಮಣ್ಣಿನ ಜೊತೆಗೇ ತೂಗಾಡಿ ನಿಂತುಕೊಳ್ಳುತ್ತೆ ಅನ್ನುತ್ತಿದ್ದ. ಆಗ ನಮ್ಮ ಕಡೆ ಭೂಮಿ ಆಗಾಗ ಗುಡುಗುತ್ತಿತ್ತು. ಪಾತ್ರೆ ಅಲ್ಲಾಡಿದರೆ ಸಾಕು, ಎಲ್ಲರೂ ಅಂಗಳಕ್ಕೆ ಓಡೋದು.

ಹೊಂಗೆ ಮರದ ಬುಡದಲ್ಲಿ, ಹಳ್ಳದ ಒಂದು ಮೂಲೆಗೆ ಸರಿಯಾಗಿ ಮೇಲೆ, ಮುನೇಶ್ವರನ ಕಲ್ಲಿತ್ತು. ನಮ್ಮ ಮನೆದೇವರು. ದೇವರ ಕೆಳಗೆ ಕಬ್ಬಿಣ ಹೊಡೆಯಬಾರದು ಅಂತ ದೊಡ್ಡಮ್ಮ ಮಗನ ಕೈ ಹಿಡಿದು ಅತ್ತಳು. ಪೂಜೆ ಮಾಡಿಸಿ ಕಲ್ಲು ಸರಿಸೋವರೆಗೆ ಆ ಮೂಲೆ ಸರಳಿಲ್ಲದೆ ಹಾಗೇ ಇರಲಿ ಅಂದ ಅವನು. ಅಷ್ಟರಲ್ಲಿ ಒಂದು ಬೆಳಗ್ಗೆ ಭೂಮಿ ನಡುಗಿತು. ಸರಳು ಹೊಡೆದ ಕಡೆಯೆಲ್ಲ ಸಣ್ಣ ಬಿರುಕು, ಅಷ್ಟೇ. ಆ ಮೂಲೆ ಮಾತ್ರ... ಧೊಪ್ ಅಂತ ಅವನ ಮೇಲೆ ಬಂತು. ಕಲ್ಲೂ ಬಂತು.

ಕೆಲಸ ನಿಂತುಹೋಯಿತು. ದೊಡ್ಡಮ್ಮ ದಿನಾ ಮಂಡಿಯಿಂದ ಬರುವಾಗ ಹಳ್ಳದ ಅಂಚಿನಲ್ಲಿ ನಿಲ್ಲುತ್ತಿದ್ದಳು. ಎಲ್ಲಿ ಹಾರಿಬಿಡ್ತಾಳೋ ಅಂತ ಒಂದು ರಾತ್ರಿ ಮುನೇಶನೂ ಹಿಂದೆಯೇ ಹೋದ.

ಕೆಳಗೆ ಸರಳು ಎಳೆಯುವ ಸದ್ದು. ಕರ್ರ್... ಕರ್ರ್... ಮಣ್ಣಿಗೆ ತುದಿ ಆನಿಸಿದ ಸದ್ದು... ಟುಕ್. ಆಮೇಲೆ ಏನೂ ಇಲ್ಲ.

"ದಿನಾ ಹಿಂಗೇ ಕಣಪ್ಪ," ದೊಡ್ಡಮ್ಮ ಪಿಸುಗುಟ್ಟಿದಳು. "ಈಗ ಕೇಳ್ತಾನೆ ನೋಡು. ನಂಗೆ ಬಾಯೇ ಬರಲ್ಲ."

"ಅಮ್ಮಾ... ಹೊಡೀಲಾ?"

ಸತ್ತ ಮೇಲೂ ಅಪ್ಪಣೆ ಕೇಳುತ್ತಾನೆ ನೋಡಿ.

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಆಮೇಲೆ ಅಂದಳು.

"ಹೊಡಿಯಪ್ಪ. ಬೇಡ ಅನ್ನಲ್ಲ."

ಠಣ್... ಠಣ್... ಠಣ್... ಬೆಳಕು ಹರಿಯೋವರೆಗೂ. ಮುನೇಶ ದೊಡ್ಡಮ್ಮನ ಪಕ್ಕದಲ್ಲೇ ಕೂತು ಕೇಳಿದನಂತೆ.

ಬೆಳಗ್ಗೆ ನಾವೆಲ್ಲ ಹೋಗಿ ನೋಡಿದೆವು. ಕುಸಿದ ಮೂಲೆಯ ಬರೀ ಮಣ್ಣಿನಲ್ಲಿ ಸಾಲಾಗಿ ಸರಳಿನ ತಲೆಗಳು. ಕಂಟ್ರಾಕ್ಟರ್ ತನ್ನವಲ್ಲ ಅಂದ. ಸುತ್ತ ಸಿಮೆಂಟ್ ಇನ್ನೂ ಹಸಿಯಾಗಿತ್ತು. ನಾನೇ ಮುಟ್ಟಿದ್ದೀನಿ, ಬೆರಳಿಗೆ ಅಂಟಿತು.

ಅವತ್ತಿನಿಂದ ಹಳ್ಳದಲ್ಲಿ ಸದ್ದಿಲ್ಲ.

ಆಮೇಲೊಂದು ಸಲ ಭೂಮಿ ಜೋರಾಗೇ ನಡುಗಿತು. ನಾವು ಅಂಗಳಕ್ಕೆ ಓಡಿದೆವು, ದೊಡ್ಡಮ್ಮ ಹಳ್ಳಕ್ಕೆ ಓಡಿದಳು. ನಾನು ಹೋಗಿ ನೋಡಿದಾಗ ಆ ಮೂಲೆಯಿಂದ ಹಿಡಿ ಮಣ್ಣೂ ಉದುರಿರಲಿಲ್ಲ. ನಿಜ, ಬೇಕಾದರೆ ಈಗಲೂ ಹೋಗಿ ನೋಡಿ, ಹಾಗೇ ನಿಂತಿದೆ. ಅವಳು ಅದಕ್ಕೆ ಕೆನ್ನೆ ಆನಿಸಿಕೊಂಡು ಕೂತಿದ್ದಳು.

"ಬೇಡ ಅಂತಲೇ ಅನ್ನಬೇಕಿತ್ತು ಕಣೋ," ಅಂದಳು. "ಕೇಳೋಕಾದ್ರೂ ದಿನಾ ಬರ್ತಿದ್ದ."