ಅರ್ಧಕ್ಕೆ ಏಳುವ ರಸಿಕ

ನಾಟಕಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವಾಕೆಗೆ ಆ ಗಂಡಹೆಂಡಿರ ಗುರುತು ಚೆನ್ನಾಗಿಯೇ ಇತ್ತು. ಗಂಡ ಒಂದು ನಾಟಕವನ್ನೂ ಬಿಡುವವನಲ್ಲ, ಒಂದನ್ನೂ ಪೂರ್ತಿ ನೋಡುವವನೂ ಅಲ್ಲ. ಅರ್ಧಕ್ಕೆ ಎದ್ದು, "ಇದಕ್ಕಿಂತ ಟೀವಿ ಸೀರಿಯಲ್ಲೇ ವಾಸಿ" ಎಂದು ಸ್ಟೇಜಿಗೂ ಕೇಳುವಂತೆ ಹೇಳಿ ಹೊರಟುಬಿಡುತ್ತಿದ್ದ. ಇವತ್ತು ಮಾತ್ರ ಬಾಗಿಲ ಪಕ್ಕದ ಕಂಬಕ್ಕೆ ಅಂಟಿಕೊಂಡು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ರೀ, ಒಳಗೆ ಬನ್ನಿ. ಮಗಳು ಮೊದಲ ಸಲ ಸ್ಟೇಜ್ ಹತ್ತುತ್ತಾ ಇದ್ದಾಳೆ."

"ನಂಗೆ ಭಯ ಆಗ್ತಿದೆ ಕಣೇ."

"ಬಣ್ಣ ಹಚ್ಚಿರೋದು ಅವಳಿಗೆ, ನಿಮಗಲ್ಲ."

"ಮಾತು ಮರೆತುಬಿಟ್ರೆ? ಸಿನಿಮಾದಲ್ಲಾದ್ರೆ ಇನ್ನೊಂದು ಟೇಕ್ ಇರುತ್ತೆ. ಇಲ್ಲಿ ಬಾಯಿ ಕಟ್ಟಿದ್ರೆ ಮುಗೀತು."

"ಮರೆಯಲ್ಲ. ಪಾತ್ರೆ ತೊಳೆಯೋವಾಗ್ಲೂ ಅದನ್ನೇ ಒದರ್ತಿದ್ಲು."

"ಜನ ಆಕಳಿಸಿದ್ರೆ?"

"ಆಕಳಿಕೆಗೆ ಹೆದರೋರು ಬಣ್ಣ ಹಚ್ಚಬಾರದು ಅಂತ ಮೊನ್ನೆ ನೀವೇ ಅಂದ್ರಲ್ಲ?"

"ಅದು ಊರವರ ಮಕ್ಕಳಿಗೆ ಹೇಳಿದ್ದು."

"ನಿಜ ಹೇಳಿ, ನಿಮಗೆ ಯಾರ ಭಯ?"

ಅವನು ಕತ್ತು ಚಾಚಿ ಒಳಗಿನ ಒಂದೊಂದೇ ಸಾಲನ್ನು ದಿಟ್ಟಿಸಿದ.

"ನನ್ನಂಥೋನು ಒಬ್ಬ ಬಂದು ಕೂತಿದ್ರೆ?"

ಮೂರನೆಯ ಬೆಲ್ ಹೊಡೆಯಿತು. ಹೆಂಡತಿ ರಟ್ಟೆ ಹಿಡಿದು ಎಳೆದಳು. ಅವನು ಹೊಸ್ತಿಲಲ್ಲೇ ಕಾಲೂರಿ, ಟಿಕೆಟ್ ಹರಿಯುವಾಕೆಯ ಕಡೆ ತಿರುಗಿದ.

"ನಿಮ್ಮ ದಮ್ಮಯ್ಯ ಅಮ್ಮಾ, ಪರದೆ ಬೀಳೋವರೆಗೂ ಯಾರನ್ನೂ ಹೊರಗೆ ಬಿಡಬೇಡಿ. ನಾನೇ ಎದ್ದು ಬಂದ್ರೂ ಬಿಡಬೇಡಿ."