ಪ್ರಾರ್ಥನೆಯಲ್ಲಿ ಹೊರಬಿದ್ದ ಸುದ್ದಿ

ಕ್ರೈಸ್ತ ವಿಶ್ವವಿದ್ಯಾಲಯದ ಸಂಜೆ ಎಂಬಿಎ ತರಗತಿಗೆ ಹೊರಟವರು ಲಿಫ್ಟಿಗೆ ಸಾಲು ನಿಂತಿದ್ದೆವು. ನನ್ನ ಮುಂದೆ ಇಬ್ಬರು ಹೆಂಗಸರು, ಕೊರಳಲ್ಲಿ ಇನ್ನೂ ಆಫೀಸಿನ ಐಡಿ ಕಾರ್ಡು. ಹಿರಿಯಾಕೆ ಗೋಡೆಗೆ ಒರಗಿದ್ದಳು.

“ಅಸೈನ್‌ಮೆಂಟ್ ಮುಗೀತಾ ಅಕ್ಕಾ?”

“‘ನೌಕರರಿಗೆ ಕೆಟ್ಟ ಸುದ್ದಿ ತಿಳಿಸುವ ಬಗೆ’ ತಾನೇ? ಹತ್ತು ಪುಟ ಬರೆದೆ.”

“ಮತ್ತೆ ಮುಖ ಯಾಕೆ ಹೀಗಿದೆ?”

“ಹೋದ ವಾರ ಪಾಠಕ್ಕೆ ಮುಂಚೆ ಮೇಷ್ಟ್ರು ಕೇಳಿದ್ರಲ್ಲ, ಯಾರಿಗಾಗಿ ಪ್ರಾರ್ಥಿಸೋಣ ಅಂತ.”

“ನಿಮ್ಮ ಸ್ಟೋರ್‌ಕೀಪರ್ ಹೆಸರು ಹೇಳಿದ್ರಿ. ಪಾಪ, ಕೆಲಸ ಹೋಗುತ್ತೆ ಅಂತ.”

“ಅವರಿಗೇ ನಾನಿನ್ನೂ ಹೇಳಿರಲಿಲ್ಲ ಕಣೇ. ಹಿಂದಿನ ಬೆಂಚಲ್ಲಿ ಅವರ ನಾದಿನಿ ಕೂತಿದ್ಲು.”

“ಅಯ್ಯೋ! ಅವಳು ಹೇಳಿಬಿಟ್ಲಾ? ಸ್ಟೋರ್‌ಕೀಪರ್ ಜಗಳಕ್ಕೆ ಬಂದ್ರಾ?”

“ಬಂದಿದ್ರೆ ಎಷ್ಟೋ ವಾಸಿ. ಇವತ್ತು ಬೆಳಿಗ್ಗೆ ಬಂದು ಕೈಮುಗಿದ್ರು. ‘ನನಗೋಸ್ಕರ ಬೇಡ್ಕೊಂಡ್ರಂತೆ. ಮೇಲಿನವರಿಗೂ ನೀವೇ ಒಂದು ಮಾತು ಹೇಳಿ ಮೇಡಂ’ ಅಂದ್ರು.”

“ಹೇಳಿ ನೋಡ್ಬಹುದಲ್ಲ?”

“ಯಾರಿಗೆ ಹೇಳ್ಲಿ? ಕೆಲಸದಿಂದ ತೆಗೆಯೋರ ಪಟ್ಟೀಲಿ ಅವರ ಹೆಸರು ಬರೆದಿದ್ದೇ ನಾನು.”



“ಹೋಗ್ಲಿ, ಇವತ್ತು ಹಿಂದೆ ಎಲ್ಲಾದ್ರೂ ಕೂತ್ಕೊಳ್ಳೋಣ.”

“ಆಗಲ್ಲ. ಅವರ ನಾದಿನಿ ಆಗಲೇ ಮೆಸೇಜ್ ಮಾಡಿದಾಳೆ, ಪಕ್ಕದಲ್ಲೇ ನನಗೆ ಜಾಗ ಹಿಡಿದಿದಾಳಂತೆ.”

ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು.