ಹಾಲುಗಂಬಕ್ಕೆ ಒಂದು ಗೇಣು ಮಣ್ಣು

ಕತೆ ಕೇಳಲು ಕೂತವರೇ, ಊರು ಯಾವುದೆಂದು ಕೇಳಬೇಡಿ. ಪೇಟೆಯ ಅಂಚಿನಲ್ಲಿ ಒಂದು ಊರು, ಅಲ್ಲೊಬ್ಬ ಸಿರಿವಂತ. ಹನ್ನೆರಡು ಎಕರೆ ಹೊಲಕ್ಕೆ ಭೂಪರಿವರ್ತನೆ ಮಾಡಿಸಿ ಬಡಾವಣೆ ಮಾಡಿದ. ತಪ್ಪೇನು? ಜನಕ್ಕೆ ಮನೆ ಬೇಡವೇ?

ಎಂಜಿನಿಯರ್ ಬಂದು ನಕ್ಷೆ ಬರೆದ. ನೋಡಿ, ನಕ್ಷೆ ಎಷ್ಟು ಚೆಂದದ್ದು! ಹಳದಿ ಬಳಿದಲ್ಲಿ ಮನೆ, ಹಸಿರು ಬಳಿದಲ್ಲಿ ಉದ್ಯಾನ. ಪ್ರತಿ ನಿವೇಶನದ ಒಳಗೂ ಚುಕ್ಕೆ ಚುಕ್ಕೆಯ ಒಂದು ಗೆರೆ.

"ಇದೇನಯ್ಯಾ ಚುಕ್ಕೆ?" ಎಂದ ಸಿರಿವಂತ.

"ಸೆಟ್‌ಬ್ಯಾಕ್ ಯಜಮಾನ್ರೇ. ಗಡಿಯಿಂದ ಇಷ್ಟು ಜಾಗ ಬಿಟ್ಟು ಗೋಡೆ ಎಬ್ಬಿಸ್ಬೇಕು."

"ನನ್ನ ಜಾಗ ನಾನ್ಯಾಕೆ ಬಿಡ್ಲಿ? ಯಾರಿಗೆ?"

"ಗಾಳಿಗೆ, ಬೆಳಕಿಗೆ."

"ಅವ್ರೇನು ನಮ್ಮ ಬೀಗರಾ?"

ನಗುತ್ತಿದ್ದೀರಿ. ನಗಿ, ನಗಿ. ಆಮೇಲೆ ನಿಮ್ಮ ಮನೆಗೂ ಬರುತ್ತೇನೆ.

ನಕ್ಷೆಗೆ ಮಂಜೂರಾತಿ ಸಿಕ್ಕಿತು. ಸಿಕ್ಕಿದ ಮೇಲೆ ಹಸಿರನ್ನೂ ಸೈಟು ಮಾಡಿ ಮಾರಿದ. ತನ್ನ ಮನೆಯನ್ನು ಗಡಿಗೇ ಗೋಡೆ ತಾಗಿಸಿ ಕಟ್ಟಿದ. ಮುಂದೆ ಕಲ್ಲುಹಾಸು, ಅದರ ಕೆಳಗೆ ನೀರಿನ ಸಂಪು. ಧಣಿಯೇ ಹಾಗೆ ಕಟ್ಟಿದ ಮೇಲೆ ಸೈಟು ಕೊಂಡವರು ಬಿಡುತ್ತಾರೆಯೇ?

ವರ್ಷಗಳು ಹೋದವು. ಮಗಳ ಮದುವೆ ಬಂತು. ಚಪ್ಪರದ ದಿನ ನಸುಕಿನಲ್ಲೇ ಸೋದರಮಾವ ಹಾಲುಗಂಬಕ್ಕೆಂದು ಅತ್ತಿಯ ಕೊಂಬೆ ಕಡಿದು ತಂದ. ಕಡಿದ ಕಡೆ ಇನ್ನೂ ಹಾಲು ಜಿನುಗುತ್ತಿತ್ತು. ಬಾಗಿಲ ಮುಂದೆ ಹಾರೆ ಹಾಕಿದ. ಠಣ್! ಎಡಕ್ಕೆ ಹಾಕಿದ. ಠಣ್! ಬಲಕ್ಕೂ ಠಣ್!

"ಭಾವ, ಎಲ್ಲಿ ಹಾಕಿದ್ರೂ ಸಿಮೆಂಟು. ಬಕೆಟ್ಟಿಗೆ ಮರಳು ತುಂಬಿ ನಿಲ್ಲಿಸ್ಬಿಡೋಣ."

ಅರಿಶಿನದ ಸೀರೆಯಲ್ಲಿ ನಿಂತಿದ್ದ ಮಗಳ ಕಣ್ಣು ತುಂಬಿತು. "ಬಕೆಟ್ ಬೇಡ ಅಪ್ಪ. ಇಷ್ಟೊಂದು ಜಾಗ ಮಾರಿದ್ರಿ, ನನ್ನ ಕಂಬಕ್ಕೆ ಒಂದು ಗೇಣು ಮಣ್ಣು ಸಿಗಲ್ವಾ?"

ಸೂರ್ಯ ಏರುವುದರೊಳಗೆ ಕಂಬ ನಿಲ್ಲಬೇಕು. ಸಿರಿವಂತ ಬೀದಿಗಿಳಿದ. ಹಿಂದೆ ಕಂಬ ಹೊತ್ತ ಸೋದರಮಾವ, ಕಳಶ ಹಿಡಿದ ಹೆಂಗಸರು, ಮಗಳು. ಓಲಗದವರು, ಮೆರವಣಿಗೆಯೇ ಇರಬೇಕೆಂದು, ಊದುತ್ತಾ ಬಂದರು.

ಮಂಜು ಸುರಿಯುತ್ತಿತ್ತು. ಬೀದಿಯೆಲ್ಲ ಬಿಳಿ ಕಾಗದದಂತೆ ಹರಡಿಕೊಂಡಿತ್ತು. ಕನಸಿನಲ್ಲಿ ನಾವು ನಮ್ಮ ಮನೆಯನ್ನೇ ಹುಡುಕುತ್ತಾ ಅಲೆಯುತ್ತೇವಲ್ಲ, ಅವನೂ ಹಾಗೇ ನಡೆದ. ತಾನು ಆ ನಕ್ಷೆಯ ಮೇಲೆಯೇ ನಡೆಯುತ್ತಿದ್ದೇನೆ ಅನ್ನಿಸಿತು ಅವನಿಗೆ. ಇಲ್ಲಿ ಹಸಿರು ಇತ್ತಲ್ಲ? ಮೂರಂತಸ್ತಿನ ಮನೆ. ಅಲ್ಲಿ? ಅಲ್ಲೂ ಮನೆ. ಬೀದಿಯ ಮೂಲೆಯ ಹಲಗೆ ಮಾತ್ರ 'ಉದ್ಯಾನ ರಸ್ತೆ' ಅನ್ನುತ್ತಿತ್ತು. ಓಲಗದ ದನಿ ಗೋಡೆಯಿಂದ ಗೋಡೆಗೆ ಬಡಿದು, ನೀರಿನೊಳಗಿನಿಂದ ಬಂದಂತೆ ಕೇಳುತ್ತಿತ್ತು.

ಆಗ ಮೂಗಿಗೆ ಒಂದು ವಾಸನೆ ತಾಗಿತು. ಒದ್ದೆ ಮಣ್ಣಿನದು.

ಕೊನೆಯ ಬೀದಿಯಲ್ಲಿ, ಎಲ್ಲಕ್ಕಿಂತ ಚಿಕ್ಕ ಸೈಟಿನಲ್ಲಿ, ಬಟ್ಟೆ ಹೊಲಿದು ಬದುಕುವ ಒಬ್ಬಳ ಮನೆ. ಗೋಡೆಯ ಸುತ್ತ ಮಣ್ಣು ಬಿಟ್ಟಿದ್ದಾಳೆ. ಕನಕಾಂಬರದ ಗಿಡಕ್ಕೆ ನೀರು ಹಾಕುತ್ತಿದ್ದಾಳೆ.

"ತಾಯಿ, ಒಂದು ಗೇಣು ಮಣ್ಣು ಬೇಕಿತ್ತು. ಮಗಳ ಹಾಲುಗಂಬಕ್ಕೆ."

ಅವಳಿಗೆ ನಗು ಬಂತು. "ನೀವೇ ಮಾರಿದ್ದಲ್ವಾ ಯಜಮಾನ್ರೇ, ಬನ್ನಿ. ನಕ್ಷೇಲಿ ಚುಕ್ಕೆ ಹಾಕಿದ್ರು, ಬಿಟ್ಟೆ."

"ಇಷ್ಟರಲ್ಲಿ ಇನ್ನೊಂದು ರೂಮು ಆಗ್ತಿತ್ತಲ್ಲಮ್ಮ?"

"ರವಿಕೆ ಹೊಲಿಯೋವಾಗ್ಲೂ ಹೊಲಿಗೆಯಿಂದಾಚೆ ಒಂದಿಂಚು ಬಿಡ್ತೀವಲ್ಲ? ಅಂಚಿಗೇ ಹೊಲಿದ್ರೆ, ಕೈ ಎತ್ತಿದ್ರೆ ಪರ್ ಅಂತ ಹರಿಯುತ್ತೆ." ಆಮೇಲೆ ಹುಡುಗಿಯ ಕಡೆ ತಿರುಗಿ, "ಬಾ ಮಗಾ, ಹೊತ್ತಾಗುತ್ತೆ" ಎಂದಳು.

ಹಾರೆ ಹಾಕಿದರು. ಈ ಸಲ ಸದ್ದೇ ಇಲ್ಲ, ಮೆತ್ತಗೆ ಇಳಿಯಿತು. ಕಂಬ ನಿಂತಿತು. ಬುಡಕ್ಕೆ ಹಾಲೆರೆದು ಹುಡುಗಿ ಮೊದಲು ನಮಸ್ಕರಿಸಿದ್ದು ಆ ಹೊಲಿಯುವವಳ ಕಾಲಿಗೆ. ಅಪ್ಪ ಹೊರಗೆ, ಬೀದಿಯಲ್ಲಿ ನಿಂತು ನೋಡಿದ. ಒಳಗೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ.

ಆಮೇಲೆ ಅವನು ತನ್ನ ಕಲ್ಲುಹಾಸು ಕಿತ್ತನೋ ಇಲ್ಲವೋ, ನನಗೆ ಗೊತ್ತಿಲ್ಲ. ನೀವೇನು ಮಾಡುತ್ತೀರಿ? ನನಗೆ ಬೇಕಾದದ್ದು ಅದು.

ಬರುವಾಗ ನಿಮ್ಮ ಬೀದಿಯನ್ನು ನೋಡುತ್ತಲೇ ಬಂದೆ. ಎಷ್ಟು ಮನೆಯ ಮೆಟ್ಟಿಲು ರಸ್ತೆಗೆ ಇಳಿದಿವೆ! ಎಷ್ಟು ಕಿಟಕಿ ಪಕ್ಕದ ಗೋಡೆಯನ್ನೇ ನೋಡುತ್ತಿವೆ! ಅಲ್ಲಿ ಹಿಂದೆ ತಲೆ ತಗ್ಗಿಸಿದ ಅಣ್ಣಂದಿರೇ, ತಗ್ಗಿಸಬೇಡಿ, ಇನ್ನೂ ಹೊತ್ತು ಮೀರಿಲ್ಲ. ಕಟ್ಟಿಸುವವರಿದ್ದರೆ ನಾಳೆಯೇ ಮೇಸ್ತ್ರಿಗೆ ಹೇಳಿ, ಚುಕ್ಕೆ ಗೆರೆ ದಾಟಬೇಡ ಎಂದು. ಕಟ್ಟಿ ಮುಗಿದಿದೆಯೇ? ಬಾಗಿಲ ಮುಂದಿನ ನಾಲ್ಕು ಕಲ್ಲು ಕೀಳಿಸಿ, ಮಳೆ ನೀರು ಇಳಿಯಲಿ. ಉದ್ಯಾನದ ಜಾಗದಲ್ಲಿ ಅಗ್ಗದ ಸೈಟು ಇದೆ ಎಂದು ಯಾರಾದರೂ ಬಂದರೆ ಕಾಫಿ ಕೊಡಿ, ಮುಂಗಡ ಕೊಡಬೇಡಿ. ಮನೆಯೊಳಗೆ ಹೆಂಡತಿ ಮಾತಾಡುತ್ತಿದ್ದರೆ ಅವಳ ಮಾತಿಗೆ ತಾಗಿಸಿ ನಿಮ್ಮ ಮಾತು ಕಟ್ಟಬೇಡಿ. ಅಲ್ಲೂ ಸ್ವಲ್ಪ ಗಾಳಿ ಆಡಲಿ.

ಇನ್ನು, ಪಕ್ಕದವರು ತಮ್ಮ ಗೋಡೆಗೆ ಸುಣ್ಣ ಹೊಡೆಸಲು ನಿಮ್ಮ ಕಡೆ ಏಣಿ ಇಡಬೇಕು ಎಂದು ಕೇಳಿದರೆ, ಗಡಿ ಅಳೆಯಲು ಟೇಪು ಹುಡುಕಬೇಡಿ. ಗೇಟು ತೆಗೆಯಿರಿ. ತೆಗೆದು, ಆ ಏಣಿ ಜಾರದಂತೆ ನೀವೇ ಹಿಡಿದುಕೊಳ್ಳಿ.